ಮೇಷ್ಟ್ರ ಮನೆಯ ಕುರ್ಚಿ

ನಮ್ಮ ಮನೆಯಲ್ಲಿ ಕುರ್ಚಿ ಇರಲಿಲ್ಲ. ಅಯ್ಯೋ ಪಾಪ ಅಂತ ಯಾರೂ ಲೊಚಗುಟ್ಟಬೇಡಿ, ಇಲ್ಲ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ನೆಲವಿತ್ತು, ನೆಲದ ಮೇಲೆ ಚಾಪೆಯಿತ್ತು, ಬಂದವರಿಗೆ ಹಾಕಲು ಮಣೆಯಿತ್ತು, ಅಜ್ಜಿಗೆ ಅವಳದೇ ಒಂದು ಗೋಣಿತಾಟಿತ್ತು. ವಿದ್ಯಾರಣ್ಯಪುರಂನಲ್ಲಿ ಆಗ ಮನೆಗಳಿಗಿಂತ ಖಾಲಿ ಜಾಗವೇ ಜಾಸ್ತಿ. ನಮ್ಮದು ನಾಲ್ಕು ಹೆಂಚಿನ ಮನೆಗಳ ಸಾಲಿನಲ್ಲಿ ಕೊನೆಯದು. ಮುಂದೆ ಜಗಲಿ, ಹೊಸ್ತಿಲು ದಾಟಿದರೆ ನಡುಮನೆ, ಅದರ ಬಲಕ್ಕೆ ಕಿಟಕಿಯಿಲ್ಲದ ಒಂದು ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಬೇವಿನ ಮರವಿದ್ದ ಹಿತ್ತಿಲು. ಇಷ್ಟರಲ್ಲಿ ಅಜ್ಜಿ, ಅಪ್ಪ, ಅವ್ವ, ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಅಕ್ಕ ಜಯ, ಆಮೇಲೆ ನಾನು. ಊಟ, ಪಾಠ, ಜಗಳ, ಹೇನು ತೆಗೆಯುವುದು, ಎಲ್ಲ ನೆಲದ ಮೇಲೇ.

ಅಪ್ಪನಿಗೆ ಮಾತ್ರ ನೆಲಕ್ಕಿಂತ ಸ್ವಲ್ಪ ಎತ್ತರದ ಜಾಗವೊಂದಿತ್ತು. ಅದು ಮನೆಯಲ್ಲಲ್ಲ, ಕಚೇರಿಯಲ್ಲಿ. ಅಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ದಫೇದಾರನಾಗಿದ್ದ. ಸಾಹೇಬರ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂತಿರುವುದು, ಒಳಗಿನಿಂದ ಗಂಟೆ ಹೊಡೆದರೆ ಎದ್ದು ಹೋಗುವುದು, ಹೇಳಿದ್ದನ್ನು ಮಾಡಿ ಮತ್ತೆ ಬಂದು ಸ್ಟೂಲಿನ ಮೇಲೆ ಕೂರುವುದು, ಇದು ಅವನ ಕೆಲಸ. ಬಿಳಿ ಕೋಟು, ತಲೆಗೆ ರುಮಾಲು, ಎದೆಯ ಮೇಲೆ ಅಡ್ಡಕ್ಕೆ ಕೆಂಪು ಪಟ್ಟಿ, ಅದರ ಮೇಲೆ ಹಿತ್ತಾಳೆಯ ಬಿಲ್ಲೆ. ಭಾನುವಾರ ಸಂಜೆ ಹುಣಸೆಹಣ್ಣು ಹಾಕಿ ಆ ಬಿಲ್ಲೆಯನ್ನು ಉಜ್ಜುತ್ತಿದ್ದ. ಗಂಟೆಯ ಅಭ್ಯಾಸ ಎಷ್ಟು ಮೈಗೆ ಹತ್ತಿತ್ತೆಂದರೆ, ಮನೆಯ ಮುಂದೆ ಯಾರಾದರೂ ಸೈಕಲ್ ಬೆಲ್ ಹೊಡೆದರೆ ಊಟದ ತಟ್ಟೆಯ ಮುಂದಿನಿಂದಲೂ ಅರ್ಧ ಎದ್ದುಬಿಡುತ್ತಿದ್ದ. ನಾವು ನಗುತ್ತಿದ್ದೆವು. ಅವನೂ ನಗುತ್ತಿದ್ದ. ಆ ನಗುವಿಗೆ ನನಗೆ ಈಗ ನಾಚಿಕೆಯಾಗುತ್ತದೆ, ಅದು ಬೇರೆ ಮಾತು.

ಅಕ್ಕ ಓದಿದ್ದು ಅಂಥ ಸಲೀಸಾಗಿ ಏನಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲಿ ಹೊಡೆತ ಬಿತ್ತು. ಪೇಪರಿನಲ್ಲಿ ಬಂದ ನಂಬರುಗಳ ನಡುವೆ ಅವಳದನ್ನು ಅಪ್ಪ ಮೂರು ಸಲ ಹುಡುಕಿದ, ಆಮೇಲೆ ಪಕ್ಕದ ಮನೆಯ ಮೇಷ್ಟ್ರ ಕೈಲಿ ಹುಡುಕಿಸಿದ. ಈ ಮೇಷ್ಟ್ರು ಶಿವಣ್ಣನವರು ಅಂತ, ರಿಟೈರಾದ ಹೆಡ್‌ಮಾಸ್ಟರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಮರುದಿನದಿಂದಲೇ ಅಕ್ಕನನ್ನು ತಮ್ಮ ಜಗಲಿಯಲ್ಲಿ ಕೂರಿಸಿಕೊಂಡು ಲೆಕ್ಕ ಮಾಡಿಸಿದರು. ಎರಡನೇ ಸಲ ಪಾಸಾಯಿತು. ಆಮೇಲೆ ಒಂದು ವರ್ಷ ಟೈಪಿಂಗ್ ಕ್ಲಾಸು. ಕ್ಲಾಸಿನಲ್ಲಿ ದಿನಕ್ಕೆ ಒಂದು ಗಂಟೆ ಮಾತ್ರ ಮಿಷನ್ನು ಸಿಗುತ್ತಿತ್ತು. ಉಳಿದ ಹೊತ್ತೆಲ್ಲ ಅಕ್ಕನ ಬೆರಳು ಸಿಕ್ಕಿದ್ದರ ಮೇಲೆ ಆಡುತ್ತಿತ್ತು. ರೊಟ್ಟಿ ತಟ್ಟುವ ಹಲಗೆ, ನೀರಿನ ಹಂಡೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಬೆನ್ನು. ಮಧ್ಯಾಹ್ನ ನಾನು ಬೋರಲು ಮಲಗಿದರೆ ಪಕ್ಕದಲ್ಲಿ ಕೂತು ಬೆನ್ನಿನ ಮೇಲೆ ಟಕಟಕ ಅಂತ ಹೊಡೆಯುತ್ತಿದ್ದಳು. ಸಾಲು ಮುಗಿದಾಗ ನನ್ನ ಕಿವಿ ಹಿಡಿದು ಎಳೆದು ಮಿಷನ್ನಿನ ಗಾಡಿ ವಾಪಸು ತಳ್ಳಿದ ಹಾಗೆ ಮಾಡುತ್ತಿದ್ದಳು.

"ಏನ್ ಹೊಡ್ದೆ ಅಕ್ಕಾ?"

"ಮಾನ್ಯರೇ, ನಾಗು ಅನ್ನೋ ಕತ್ತೆ ಹೋಮ್‌ವರ್ಕ್ ಮಾಡಿಲ್ಲ ಅಂತ."

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳಲ್ಲಿ ಒಂದು ಸೋಮವಾರ ಆರ್ಡರು ಬಂತು. ಉದ್ದನೆಯ ಕಂದು ಲಕೋಟೆ, ಒಳಗೆ ಒಂದೇ ಹಾಳೆ, ಕೆಳಗೆ ಸರ್ಕಾರದ ಮೊಹರು. ಇಂಗ್ಲಿಷಿನಲ್ಲಿತ್ತು. ಅಕ್ಕನಿಗೆ ಓದಲು ಬರುತ್ತಿತ್ತು, ಆದರೂ ಮೇಷ್ಟ್ರು ಬಂದು ಓದಿದ ಮೇಲೆಯೇ ಮನೆಯವರಿಗೆ ನಂಬಿಕೆ ಬಂದದ್ದು. ಅವರು ಹೊಸ್ತಿಲ ಹತ್ತಿರ ನಿಂತು ಕನ್ನಡದಲ್ಲಿ ಬಿಡಿಸಿ ಹೇಳಿದರು.

"ಟೈಪಿಸ್ಟ್ ಕೆಲ್ಸ. ಹದಿನೈದು ದಿನದೊಳಗೆ ಹೋಗಿ ಸೇರ್ಕೋಬೇಕು. ಹೋಗುವಾಗ ಆಸ್ಪತ್ರೆಯಿಂದ ಮೈ ಸರಿಯಾಗಿದೆ ಅಂತ ಸರ್ಟಿಫಿಕೇಟ್ ತಗೊಂಡು ಹೋಗ್ಬೇಕು. ಅಷ್ಟರೊಳಗೆ ಬರ್ದೇ ಇದ್ರೆ ಕೆಲ್ಸ ಪಟ್ಟಿಲಿರೋ ಮುಂದಿನವರಿಗೆ. ತಿಳೀತಾ ಜಯ? ನಾಳೇನೇ ಹೋಗು."

"ನಾಳೆ ಮಂಗ್ಳವಾರ ಕಣ್ ಮೇಷ್ಟ್ರೇ," ಅಂದಳು ಅಜ್ಜಿ ಒಳಗಿನಿಂದ.

ಅಲ್ಲಿಂದ ಶುರುವಾಯಿತು. ಮಂಗಳವಾರ ಹೆಣ್ಣುಮಗಳನ್ನು ಮನೆಯಿಂದ ಹೊಸ ಕೆಲಸಕ್ಕೆ ಕಳಿಸಬಾರದು. ಬುಧವಾರ ಅಪ್ಪನಿಗೆ ರಜೆ ಸಿಗುವುದಿಲ್ಲ, ಮೊದಲ ದಿನ ಜೊತೆಗೆ ಗಂಡಸು ಬೇಡವೇ? ಗುರುವಾರ ಅಜ್ಜಿಯ ಎಡಗಣ್ಣೋ ಬಲಗಣ್ಣೋ ಅದುರಿತು. ಶುಕ್ರವಾರ ಮನೆಯ ಲಕ್ಷ್ಮಿ ಹೊರಗೆ ಹೋಗಬಾರದು. ಶನಿವಾರ ಕೇಳಲೇಬೇಡಿ. ಕೊನೆಗೆ ಮಾರಿಗುಡಿಯ ಪಕ್ಕದ ಅಯ್ನೋರು ಪಂಚಾಂಗ ನೋಡಿ ಎರಡನೇ ವಾರದ ಗುರುವಾರ ಬೆಳಗ್ಗೆ ಹತ್ತೂವರೆ ಬಹಳ ಚೆನ್ನಾಗಿದೆ ಅಂದರು. ಅಷ್ಟು ಹೊತ್ತಿಗೆ ಹನ್ನೊಂದನೇ ದಿನ. ಇನ್ನೂ ನಾಲ್ಕು ದಿನ ಉಳಿಯುತ್ತದಲ್ಲ, ಧಾರಾಳವಾಯಿತು ಅಂತ ಎಲ್ಲರಿಗೂ ಸಮಾಧಾನವಾಯಿತು. ಅಕ್ಕನೂ ಒಪ್ಪಿದಳು ಅನ್ನುವುದನ್ನು ಮರೆಯಬಾರದು. ಅವಳಿಗೂ ಒಳ್ಳೆಯ ದಿನ ಬೇಕಾಗಿತ್ತು.

ಕಾಯುವ ಆ ದಿನಗಳಲ್ಲೇ ಕುರ್ಚಿ ಬಂದದ್ದು. ಅದು ಅಪ್ಪನ ಯೋಚನೆ. ಕಚೇರಿಯಲ್ಲಿ ಬೆಳಗ್ಗೆ ಹತ್ತೂವರೆಯಿಂದ ಸಂಜೆ ಐದರವರೆಗೆ ಕುರ್ಚಿಯ ಮೇಲೆ ಕೂರಬೇಕು. ನೆಲದ ಮೇಲೆ ಬೆಳೆದ ಹುಡುಗಿ ಅಷ್ಟು ಹೊತ್ತು ಕಾಲು ಇಳಿಬಿಟ್ಟು ಕೂತರೆ ಕಾಲು ಜೋಮು ಹಿಡಿಯುತ್ತದೆ, ಸಾಹೇಬರು ಬಂದಾಗ ಎದ್ದು ನಿಲ್ಲಲು ಹೋಗಿ ಬಿದ್ದುಬಿಟ್ಟರೆ? ನಗಬೇಡಿ, ಅಪ್ಪ ಇದನ್ನು ನಿಜವಾಗಿ ಯೋಚಿಸಿದ್ದ. ಮೇಷ್ಟ್ರ ಮನೆಗೆ ಹೋಗಿ ಅವರ ಎರಡು ಕುರ್ಚಿಗಳಲ್ಲಿ ಒಂದನ್ನು ಕೇಳಿ ಹೊತ್ತು ತಂದ. ಹೆಣೆದ ಬೆತ್ತದ ಕುರ್ಚಿ, ಎರಡು ಕೈ, ಹಿಂದಿನ ಒಂದು ಕಾಲು ಸ್ವಲ್ಪ ಗಿಡ್ಡ. ನಡುಮನೆಯ ಮಧ್ಯೆ ಇಟ್ಟಾಗ ಇಡೀ ಮನೆ ಇದ್ದಕ್ಕಿದ್ದ ಹಾಗೆ ಚಿಕ್ಕದಾಯಿತು.

ಅವ್ವನಿಗೆ ಕೆಲಸಕ್ಕೆ ಒಬ್ಬರು ಕಡಿಮೆಯಾದರು. ಅಕ್ಕ ಬೆಳಗ್ಗೆಯಿಂದ ಕುರ್ಚಿಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸಿದಳು, ಅಕ್ಕಿ ಆರಿಸಿದಳು, ನನ್ನ ಪಾಠ ಕೇಳಿದಳು. ಸಂಜೆ ಅಪ್ಪ ಬಂದು ಪರೀಕ್ಷೆ ಮಾಡುತ್ತಿದ್ದ. ಕುರ್ಚಿಯನ್ನು ಕರಕರ ಎಳೆಯದೆ ಹಿಂದಕ್ಕೆ ಸರಿಸುವುದು ಹೇಗೆ, ಸಾಹೇಬರು ಬಂದಾಗ ಎಷ್ಟು ಬೇಗ ಏಳಬೇಕು, ಹೋದ ಮೇಲೆ ಎಷ್ಟು ಹೊತ್ತು ಬಿಟ್ಟು ಕೂರಬೇಕು, ಎಲ್ಲ ಅವನಿಗೆ ಗೊತ್ತಿತ್ತು. ಮೂವತ್ತು ವರ್ಷ ಬೇರೆಯವರು ಕೂರುವುದನ್ನು ನೋಡಿದವನಲ್ಲವೇ?

"ಜಯ, ಕಾಲ್ ಇಳಿಬುಡು. ಆಫೀಸ್ನಲ್ಲಿ ಯಾರಾದ್ರೂ ಚಕ್ಕಂಬಕ್ಕಲ ಆಕ್ಕೊಂಡ್ ಕೂತ್ಕೊಂತಾರಾ?"

"ಜೋಮು ಹಿಡಿದೈತಪ್ಪ."

"ಇಡೀಲಿ. ಇಡ್ದು ಇಡ್ದು ಬುಟ್ಬುಡ್ತದೆ."

ಅಜ್ಜಿ ಗೋಣಿತಾಟಿನ ಮೇಲಿಂದ, "ಮನೇರೆಲ್ಲ ನೆಲದ್ ಮ್ಯಾಲೆ, ಇವ್ಳೊಬ್ಳು ಮಾರಾಣಿ ಸಿಂವಾಸನದ್ ಮ್ಯಾಲೆ. ಕೂತ್ಕೊ ಕೂತ್ಕೊ, ನಾವೇನ್ ಕಪ್ಪ ತಂದ್ ಒಪ್ಪುಸ್ಬೇಕಾ?" ಅನ್ನುತ್ತಿದ್ದಳು. ಅನ್ನುವಾಗ ಅವಳ ಮುಖದಲ್ಲಿ ಇದ್ದದ್ದು ಕೋಪವಲ್ಲ. ಪಕ್ಕದ ಬೀದಿಯವರು ಬಂದರೆ ಕುರ್ಚಿ ಕಾಣುವ ಹಾಗೆ ಬಾಗಿಲನ್ನು ಪೂರ್ತಿ ತೆಗೆಯುತ್ತಿದ್ದವಳೂ ಅವಳೇ.

ಒಂದು ಸಂಜೆ ಅಕ್ಕ ಎದ್ದು ಅಪ್ಪನಿಗೆ ಕುರ್ಚಿ ತೋರಿಸಿದಳು.

"ನೀನೂ ಒಂದ್ಸಲ ಕೂತ್ಕೊಳ್ಳಪ್ಪ."

ಅಪ್ಪ ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟ, ಬೆತ್ತವನ್ನು ಒರೆಸಿದ. "ಬುಡವ್ವ, ನಂಗ್ಯಾಕೆ," ಅಂದು ಕೈ ತೆಗೆದ.

ಹತ್ತನೇ ದಿನ, ಬುಧವಾರ, ಅಕ್ಕ ಆಸ್ಪತ್ರೆಗೆ ಹೋಗಿ ಸರ್ಟಿಫಿಕೇಟ್ ತರಬೇಕಾಗಿತ್ತು. ಬೆಳಗ್ಗೆ ನನ್ನ ಮೈ ಕಾದಿತ್ತು. ಸ್ನಾನಕ್ಕೆಂದು ಅವ್ವ ಲಂಗ ಬಿಚ್ಚಿಸಿದವಳು ನನ್ನ ಬೆನ್ನು ನೋಡಿ ಕೈಯಲ್ಲಿದ್ದ ಚೊಂಬನ್ನು ಹಾಗೇ ಹಿಡಿದು ನಿಂತಳು. ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆ, ಬೆನ್ನ ತುಂಬ. ಸೀತಾಳೆ ಸಿಡುಬು. ಆದರೆ ನಮ್ಮಲ್ಲಿ ಅದನ್ನು ಹಾಗೆ ಕಾಯಿಲೆಯ ಹೆಸರಿನಿಂದ ಕರೆಯುವುದಿಲ್ಲ. ಮಾರಮ್ಮ ಮನೆಗೆ ಬಂದಿದ್ದಾಳೆ ಅಂತ ಲೆಕ್ಕ. ಹೆತ್ತವಳು ನಮಗೆ ಅವ್ವ, ಅಮ್ಮ ಅಂದರೆ ದೇವರೇ.

"ಅಮ್ಮ ಬಂದವ್ಳೆ," ಅಂದಳು ಅಜ್ಜಿ. ಆ ಕ್ಷಣದಿಂದ ಮನೆ ಅಜ್ಜಿಯದಾಯಿತು.

ನನ್ನನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಒಗ್ಗರಣೆ ನಿಂತಿತು, ಚಟಪಟ ಅಂದರೆ ಅಮ್ಮನಿಗೆ ಸಿಟ್ಟು ಬರುತ್ತದೆ. ಬರೀ ಮೊಸರನ್ನ, ಹೆಸರುಬೇಳೆ, ಪಾನಕ. ಬಾಚಣಿಗೆಗಳನ್ನೆಲ್ಲ ಒಂದು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲಿಟ್ಟರು, ಯಾರೂ ತಲೆ ಬಾಚುವಂತಿಲ್ಲ. ಔಷಧಿ ಇಲ್ಲ, ಡಾಕ್ಟರು ಇಲ್ಲ. ಮೂರು ಸಲ ಬೇವಿನ ನೀರು ಹಾಕಿ ಅಮ್ಮನನ್ನು ಕಳಿಸುವವರೆಗೆ ಮನೆಯವರು ಯಾರೂ ಹೊಸದಕ್ಕೆ ಕೈ ಹಾಕುವಂತಿಲ್ಲ. ಅಪ್ಪ ಕಚೇರಿಗೆ ಹೋಗಬಹುದು, ಅದು ಹಳೆಯ ಕೆಲಸ. ಅಕ್ಕ ಹೋಗುವಂತಿಲ್ಲ, ಅವಳದು ಹೊಸದು.

ಅಮ್ಮನ ಹೆಸರಿನಲ್ಲಿ ನೀರು ತುಂಬಿ ಬೇವಿನ ಸೊಪ್ಪಿಟ್ಟ ಕೊಡವೊಂದನ್ನು ಮನೆಯಲ್ಲಿ ಇಡಬೇಕು. ಎಲ್ಲಿಡುವುದು? ಅಜ್ಜಿ ನಡುಮನೆಯಲ್ಲಿ ನಿಂತು ಸುತ್ತ ನೋಡಿದಳು. ಮಣೆ ತಂದ ಅವ್ವನಿಗೆ, "ಅಮ್ಮ ನೆಲದ್ ಮ್ಯಾಲೆ ಕೂತ್ಕೊಂತಾಳೇನೆ?" ಅಂತ ಗದರಿದಳು. ಆಮೇಲೆ ಕುರ್ಚಿಯ ಮೇಲೆ ಅರಿಶಿನದ ಬಟ್ಟೆ ಹಾಸಿ, ಕೊಡ ತಂದು ಅದರ ಮೇಲಿಟ್ಟು, ಕೈ ಮುಗಿದಳು. ಗಿಡ್ಡ ಕಾಲಿನಿಂದ ಕೊಡ ಅಲ್ಲಾಡಿತು. ಒಂದು ಸೌದೆ ಚಕ್ಕೆ ತಂದು ಕಾಲಿನ ಅಡಿಗಿಟ್ಟರು. ಕೋಣೆಯಲ್ಲಿ ಮಲಗಿದ್ದ ನನಗೆ ಬಾಗಿಲಿನಿಂದ ಕಾಣುತ್ತಿದ್ದದ್ದು ಆ ಕುರ್ಚಿ, ಆ ಕೊಡ, ಅದರ ಪಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕೂತ ಅಕ್ಕ.

ಜಗಳ ಆಗಲಿಲ್ಲ ಅಂದುಕೊಳ್ಳಬೇಡಿ. ಆಯಿತು.

"ಅಜ್ಜಿ, ಕೆಲ್ಸಕ್ಕಲ್ಲ. ಬರೀ ಸರ್ಟಿಫಿಕೇಟ್ ತಂದಿಟ್ಕೊಳ್ತೀನಿ."

"ಡಾಕ್ಟ್ರತ್ರ?"

"ನಂಗೋಸ್ಕರ ಅಜ್ಜಿ, ನಾಗೂಗಲ್ಲ."

"ಯಾರ್ಗೋಸ್ಕರ ಆದ್ರೇನು? ಅಮ್ಮನ್ನ ಮನೇಲಿ ಕೂರುಸ್ಬುಟ್ಟು ಡಾಕ್ಟ್ರ ಬಾಗ್ಲಿಗೆ ಓಯ್ತೀಯಾ?" ಅಜ್ಜಿಯ ದನಿ ಏರಿದ್ದು ಅಷ್ಟರವರೆಗೆ. ಆಮೇಲೆ ಇಳಿಯಿತು. "ನಿಮ್ಮಪ್ಪಂಗೊಬ್ಳು ತಂಗಿ ಇದ್ಲು ಕಣೆ. ಆರ್ ವರ್ಸದವ್ಳು. ನಾನು ಯಾರ್ ಮಾತೂ ಕೇಳ್ದೆ ಗಾಡಿ ಕಟ್ಸಿ ಡಾಕ್ಟ್ರತ್ರ ಕರ್ಕೊಂಡೋದೆ. ಬರೋ ದಾರೀಲೇ ಅಮ್ಮ ಕಣ್ಣಲ್ಲಿ ಕೂತ್ಕೊಂಡ್ಬುಟ್ಲು. ಎಲ್ಡ್ ಕಣ್ಣೂ ಓಯ್ತು. ಮೂರ್ ದಿನಕ್ಕೆ ಮಗೂನೂ ಓಯ್ತು. ಈಗ ನೀನ್ ಓಗು. ಓಗೋಳು ನಿನ್ ತಂಗಿ ಕಣ್ಣೊಂದ್ ಸಲ ನೋಡ್ಬುಟ್ಟು ಓಗು."

ಅಕ್ಕ ಕೋಣೆಯ ಬಾಗಿಲಿಗೆ ಬಂದು ನನ್ನನ್ನು ನೋಡಿದಳು. ನಾನು ಕಣ್ಣು ಮುಚ್ಚಿಕೊಂಡೆ. ಅವತ್ತಿನಿಂದ ನನಗೆ ಒಂದೇ ಭಯ. ಯಾರು ಹೊಸ್ತಿಲು ದಾಟಿದರೂ ಕಣ್ಣಿಗೆ ಕೈ ಹಾಕಿ ನೋಡಿಕೊಳ್ಳುತ್ತಿದ್ದೆ.

ಮರುದಿನ ಮೇಷ್ಟ್ರು ಸುದ್ದಿ ತಿಳಿದು ಬಂದು ಜಗಲಿಯ ಕೆಳಗೇ ನಿಂತರು. ಒಳಗೆ ಕಾಲಿಡಬಾರದು ಅಂತ ಹೆಂಡತಿ ಹೇಳಿ ಕಳಿಸಿದ್ದರು. "ಜಯ, ಇದು ಬರೀ ನಿಮ್ಮಜ್ಜಿ ವಿಷಯ ಅಲ್ಲಮ್ಮ. ಮನೇಲಿ ಯಾರಿಗಾದ್ರೂ ಅಂಟುಕಾಯಿಲೆ ಇದ್ಯಾ ಅಂತ ಡಾಕ್ಟ್ರೂ ಕೇಳ್ತಾರೆ. ಏನ್ ಹೇಳ್ತೀಯ?"

"ಇಲ್ಲ ಅಂತೀನಿ ಮೇಷ್ಟ್ರೇ."

ಮೇಷ್ಟ್ರು ಬೈಯಲಿಲ್ಲ. "ಸುಳ್ಳು ಬೇಡ, ಒಂದು ಅರ್ಜಿ ಬರ್ಕೊಡ್ತೀನಿ," ಅಂದರು. "ಇನ್ನೊಂದು ಹದಿನೈದು ದಿನ ಟೈಮು ಕೊಡಿ ಅಂತ. ಇಂಥದ್ದಕ್ಕೆಲ್ಲ ಕೊಡ್ತಾರೆ. ಆದ್ರೆ ಸಾಹೇಬ್ರ ಕೈಗೇ ಕೊಡ್ಬೇಕು. ಟಪಾಲಲ್ಲಿ ಹಾಕಿದ್ರೆ ಅವಧಿ ಮುಗಿದ್ಮೇಲೆ ತೆಗೆದು ನೋಡ್ತಾರೆ." ಅವತ್ತೇ ಅರ್ಜಿ ಬರೆದು, ಅಕ್ಕನ ರುಜು ಹಾಕಿಸಿ, ಅಪ್ಪನ ಕೈಗೆ ಕೊಟ್ಟರು.

ಅಪ್ಪನ ಕೈಗೆ ಕೊಡುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮನೆಯಲ್ಲಿ ಕಚೇರಿಯ ಒಳಹೊರಗು ಬಲ್ಲವನು ಅವನೊಬ್ಬನೇ. ಒಳಗೆ ಮಲಗಿದ್ದ ನಾನೂ ಅಂದುಕೊಂಡೆ, ಸರಿಹೋಯಿತು, ಅಪ್ಪ ಹೋಗುತ್ತಾನೆ.

ಹನ್ನೆರಡನೇ ದಿನ, ಶುಕ್ರವಾರ, ಅಪ್ಪ ತನ್ನ ಕಚೇರಿಗೆ ರಜೆ ಹಾಕಿ ಅಕ್ಕನ ಕಚೇರಿಗೆ ಹೋದ. ಅವನ ಹತ್ತಿರ ಮರ್ಯಾದೆಯ ಬಟ್ಟೆ ಅಂತ ಇದ್ದದ್ದು ಅದೊಂದೇ. ಬಿಳಿ ಕೋಟು, ರುಮಾಲು, ಕೆಂಪು ಪಟ್ಟಿ, ಬಿಲ್ಲೆ. ಅದನ್ನೇ ಹಾಕಿಕೊಂಡು ಹೋದ. ಸಂಜೆ ಆರರ ಮೇಲೆ ವಾಪಸು ಬಂದು, ಕಾಲಿಗೆ ಅರಿಶಿನದ ನೀರು ಹಾಕಿಸಿಕೊಂಡು, ನಡುಮನೆಯಲ್ಲಿ ನಿಂತ. ಕೂರಲಿಲ್ಲ.

"ಕೊಟ್ಯಾಪ್ಪ?" ಅಂದಳು ಅಕ್ಕ.

"ಬಾಗ್ಲತ್ರ ನಿಂತಿದ್ದೆ ಕಣವ್ವ."

"ಆಮೇಲೆ?"

"ಅಲ್ಲಿಯ ಜವಾನ ನನ್ ಬಿಲ್ಲೆ ನೋಡ್ದ. ಯಾವ್ ಆಫೀಸಿಂದ ಬಂದೆಯಣ್ಣ, ನಿಂತ್ಕೊ, ಕರೀತಾರೆ ಅಂದ. ನಿಂತ್ಕೊಂಡೆ. ಒಬ್ರು ಬಂದು ಇಂಥ ಸೆಕ್ಷನ್ ಎಲ್ಲಿ ಅಂದ್ರು, ತೋರುಸ್ದೆ. ಮಧ್ಯಾನ್ದಲ್ಲಿ ಜವಾನ ಊಟಕ್ಕೋದ. ಸಾಯೇಬ್ರು ಒಳಗಿಂದ ನೀರು ಅಂದ್ರು. ತಂದ್ಕೊಟ್ಟೆ."

"ಒಳಕ್ಕೆ ಹೋಗಿದ್ಯಾ?"

"ನೀರು ಮಡಗಿ ಈಚೆ ಬಂದೆ."

"ಕಾಗ್ದ ಕೊಡ್ಬಾರ್ದಾಗಿತ್ತಾಪ್ಪ, ಅಲ್ಲೇ?"

"ನೀರು ಕೊಡೋವಾಗ ಕಾಗ್ದ ಎಂಗವ್ವ ಕೊಡೋದು?" ಅಪ್ಪನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು ಅಂತ ಕಾಣುತ್ತದೆ. "ಕರೀತಾರೆ ಅಂತ ಕಾದೆ. ಸಂಜೆ ಐದಕ್ಕೆ ಸಾಯೇಬ್ರೇ ಆಚೆ ಬಂದ್ರು. ಸಲಾಮ್ ಮಾಡ್ದೆ. ಕಾರಿನ ಬಾಗ್ಲು ತೆಗ್ದೆ. ಓದ್ರು."

ಅಪ್ಪ ಕೋಟಿನ ಒಳಜೇಬಿನಿಂದ ಅರ್ಜಿ ತೆಗೆದ. ಬೆವರಿಗೆ ಮೂಲೆ ಮೆತ್ತಗಾಗಿತ್ತು. ಅದನ್ನು ಅಕ್ಕನ ಕಡೆ ಹಿಡಿದು, "ಗಂಟೆ ಒಡೀಲಿಲ್ವಲ್ಲವ್ವ ನಂಗೆ," ಅಂದ.

ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ನಾನು ಎಷ್ಟೋ ವರ್ಷ ಮಾಡಿಕೊಂಡೆ. ಮೂವತ್ತು ವರ್ಷ ಒಂದು ಬಾಗಿಲನ್ನು ಬೇರೆಯವರ ಕೆಲಸಕ್ಕೆ ಮಾತ್ರ ದಾಟಿದವನಿಗೆ ತನ್ನ ಕೆಲಸಕ್ಕೆ ಅದನ್ನು ದಾಟುವುದು ಹೇಗೆಂದು ಯಾರೂ ಕಲಿಸಿರಲಿಲ್ಲ, ನಾವೂ ಕೇಳಿರಲಿಲ್ಲ. ಕಚೇರಿ ಗೊತ್ತಿರುವವನು ಅಂತ ಕಳಿಸಿದೆವು. ಕಚೇರಿ ಅಷ್ಟೊಂದು ಗೊತ್ತಿದ್ದದ್ದೇ ತೊಂದರೆಯಾಯಿತು. ಶನಿವಾರ ಮತ್ತೆ ಹೋದ. ಸಾಹೇಬರು ಕ್ಯಾಂಪಿನ ಮೇಲೆ ಹೋಗಿದ್ದರು. ಸೋಮವಾರ ಬರುತ್ತಾರೆ ಅಂದರಂತೆ. ಮೇಷ್ಟ್ರು ಅಷ್ಟರಲ್ಲಿ ಮಗಳ ಊರಿಗೆ ಹೊರಟು ಹೋಗಿದ್ದರು. ಭಾನುವಾರ ಸಂಜೆ ಅಪ್ಪ ಬಿಲ್ಲೆ ಉಜ್ಜಲಿಲ್ಲ.

ಸೋಮವಾರ ಹದಿನೈದನೇ ದಿನ. ಅಪ್ಪನಿಗೆ ಮತ್ತೆ ರಜೆ ಸಿಗಲಿಲ್ಲ, ತನ್ನ ಕಚೇರಿಗೆ ಹೋದ. ಅಜ್ಜಿ ಮಾರಿಗುಡಿಗೆ ತೀರ್ಥ ತರಲು ಹೋದಳು. ಅವ್ವ ಹಿತ್ತಿಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು, ಕಲ್ಲಿನ ಮೇಲೆ ಹೊಡೆಯುವ ಶಬ್ದ ಕೇಳುತ್ತಿತ್ತು. ಅಕ್ಕ ಟ್ರಂಕಿನಿಂದ ತಿಳಿನೀಲಿ ಸೀರೆ ತೆಗೆದಳು. ಕೆಲಸಕ್ಕೆ ಸೇರುವ ದಿನಕ್ಕೆ ಅಂತ ಇಟ್ಟದ್ದು. ನಾನು ನಿದ್ದೆ ಮಾಡುತ್ತಿದ್ದೇನೆ ಅಂದುಕೊಂಡು ನಡುಮನೆಯಲ್ಲೇ ಉಟ್ಟಳು. ಬಾಚಣಿಗೆ ಅಟ್ಟದ ಮೇಲಿತ್ತು, ಆರು ದಿನದಿಂದ ಬಾಚದ ತಲೆಯನ್ನು ಕೈಗೆ ನೀರು ಹಚ್ಚಿಕೊಂಡು ಸವರಿ ಸವರಿ ಕೂರಿಸಿದಳು. ಆರ್ಡರನ್ನೂ ಅಪ್ಪ ಕೊಡದೆ ತಂದಿದ್ದ ಅರ್ಜಿಯನ್ನೂ ಕೈಚೀಲದಲ್ಲಿ ಇಟ್ಟುಕೊಂಡಳು. ತಾನೇ ಹೋಗಿ, ತಾನೇ ಬಾಗಿಲು ದಾಟಿ ಕೊಡುವುದು ಅವಳ ಯೋಚನೆ. ಕುರ್ಚಿಯ ಮೇಲಿನ ಕೊಡಕ್ಕೆ ಕೈ ಮುಗಿದಳು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಒಂದು ಕಾಲನ್ನು ಹೊಸ್ತಿಲಿನಾಚೆ ಇಟ್ಟಳು.

"ಅಕ್ಕಾ," ಅಂದೆ ನಾನು. "ಕೆರೀತಿದೆ."

ಅವಳು ಹಾಗೇ ನಿಂತಳು. ತಿರುಗಲಿಲ್ಲ. "ಅವ್ವನ್ನ ಕರಿ ನಾಗು."

"ಅವ್ವ ಬ್ಯಾಡ. ನೀನೇ ಬಾ."

"ಈಗ್ ಬಂದ್ಬುಡ್ತೀನಿ ಕಣೆ. ಒಂದೇ ಒಂದ್ಗಂಟೆ."

"ಅಕ್ಕಾ, ಕಣ್ಣತ್ರ ಕೆರೀತಿದೆ."

ಹೊಸ್ತಿಲಿನ ಮೇಲೆ ಅವಳ ಕಾಲು ಎಷ್ಟು ಹೊತ್ತು ಇತ್ತು ನನಗೆ ಗೊತ್ತಿಲ್ಲ. ಹಿತ್ತಿಲಿನಲ್ಲಿ ಬಟ್ಟೆ ಹೊಡೆಯುವ ಶಬ್ದ ನಿಂತು ಮತ್ತೆ ಶುರುವಾಯಿತು. ಆಮೇಲೆ ಅಕ್ಕ ಚಪ್ಪಲಿ ಕೆಳಗಿಟ್ಟು ಒಳಗೆ ಬಂದಳು. ಕೈಚೀಲವನ್ನು ಗೋಡೆಗೆ ಒರಗಿಸಿ, ನೀಲಿ ಸೀರೆಯಲ್ಲೇ ನೆಲದ ಮೇಲೆ ಕೂತು, ಬೇವಿನ ಕಡ್ಡಿ ತೆಗೆದುಕೊಂಡು ನನ್ನ ಕಣ್ಣಿನ ಸುತ್ತ, ಹಣೆಯ ಮೇಲೆ, ಬೆನ್ನ ಮೇಲೆ ಮೆಲ್ಲಗೆ ಸವರಿದಳು. ಅಜ್ಜಿ ಬರುವವರೆಗೂ ಸವರುತ್ತಲೇ ಇದ್ದಳು. ಅಜ್ಜಿ ಬಂದು ಸೀರೆ ನೋಡಿದಳು, ಚೀಲ ನೋಡಿದಳು, ಹೊಸ್ತಿಲ ಹತ್ತಿರದ ಚಪ್ಪಲಿ ನೋಡಿದಳು. ತೀರ್ಥ ಕೊಟ್ಟಳು, ಮೊದಲು ನನಗೆ, ಆಮೇಲೆ ಅಕ್ಕನಿಗೆ.

ಈಗ ಇಷ್ಟು ದೂರ ಓದಿದವರಿಗೆ ಹೇಳಿಬಿಡುತ್ತೇನೆ. ಅವತ್ತು ನನಗೆ ಕೆರೆಯುತ್ತಿರಲಿಲ್ಲ. ಕಣ್ಣ ಹತ್ತಿರ ಒಂದು ಗುಳ್ಳೆಯೂ ಇರಲಿಲ್ಲ. ಅವಳು ಹೋದರೆ ನನ್ನ ಕಣ್ಣು ಹೋಗುತ್ತದೆ ಅಂತ ಹೆದರಿ ಕರೆದೆ. ಹತ್ತು ವರ್ಷದ ಮಗು, ಏನು ಗೊತ್ತಾಗುತ್ತದೆ ಅನ್ನುತ್ತೀರಿ. ಹತ್ತು ವರ್ಷದ ಮಗುವಿಗೆ ಯಾವ ಮಾತಿಗೆ ಅಕ್ಕ ನಿಲ್ಲುತ್ತಾಳೆ ಅನ್ನುವುದು ಗೊತ್ತಿತ್ತು. ಮೊದಲ ಮಾತಿಗೆ ನಿಲ್ಲದಿದ್ದಾಗ ಎರಡನೆಯದನ್ನು ಹುಡುಕಿ ಹೇಳುವಷ್ಟು ಗೊತ್ತಿತ್ತು.

ಅವತ್ತು ಸಂಜೆ ಅಪ್ಪ ಬಂದಾಗ ಅಜ್ಜಿ ಕೊಡದ ನೀರು ಬದಲಾಯಿಸುತ್ತಿದ್ದಳು. ಅಡಿಗಿದ್ದ ಸೌದೆ ಚಕ್ಕೆ ಎಲ್ಲೋ ಸರಿದು ಕುರ್ಚಿ ಕುಲುಕಿತು, ನೀರು ತುಳುಕಿತು.

"ಏ ಜಯ, ಅಮ್ಮ ಅಲ್ಲಾಡ್ತಾವ್ಳೆ. ಕಾಲಡೀಕೇನಾರ ಕೊಡು."

ಅಕ್ಕ ಎದ್ದಳು. ಕೈಚೀಲದಿಂದ ಆರ್ಡರು ತೆಗೆದಳು. ಎರಡು ಮಡಿಕೆ ಮಡಿಸಿದಳು, ಸಾಲದೆಂದು ಮತ್ತೆ ಎರಡು. ಒಂದು ಕೈಯಲ್ಲಿ ಕುರ್ಚಿಯ ಕಾಲೆತ್ತಿ ಇನ್ನೊಂದು ಕೈಯಲ್ಲಿ ಅದನ್ನು ಅಡಿಗೆ ತಳ್ಳಿದಳು. ಅಪ್ಪ ನೋಡುತ್ತಿದ್ದ. ಸರ್ಕಾರದ ಮೊಹರಿನ ಕಾಗದ ನೆಲಕ್ಕೆ ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವ ಮನುಷ್ಯ. ಅವನ ಕೈ ಮುಂದೆ ಬಂತು, ಅಲ್ಲೇ ನಿಂತಿತು, ಹಿಂದಕ್ಕೆ ಹೋಯಿತು. ಅಜ್ಜಿ ಕೊಡ ಇಟ್ಟಳು. ಅಲ್ಲಾಡಲಿಲ್ಲ.

ಮೂರನೇ ನೀರು ಹಾಕಿ ಅಮ್ಮನನ್ನು ಕಳಿಸಿದ ಮೇಲೆ ಬಾಚಣಿಗೆ ಕೆಳಗಿಳಿಯಿತು. ಅಕ್ಕನ ತಲೆಯ ಸಿಕ್ಕು ಬಿಡಿಸಲು ಅಜ್ಜಿಗೆ ಅರ್ಧ ದಿನ ಹಿಡಿಯಿತು. ಎಳೆದರೂ ಅಕ್ಕ ಹಾ ಅನ್ನಲಿಲ್ಲ. "ನೋವಾದ್ರೆ ಯೋಳೆ, ಬಾಯಿ ಬುಡೆ," ಅಂತ ಅಜ್ಜಿ ಬೈದಳು, ಆಮೇಲೆ ಬೈಯುವುದು ಬಿಟ್ಟು ಸುಮ್ಮನೆ ಎಣ್ಣೆ ಹಚ್ಚಿದಳು. ಅಪ್ಪ ಕುರ್ಚಿಯನ್ನು ವಾಪಸು ಹೊತ್ತುಕೊಂಡು ಹೋದ, ಹೋದಷ್ಟೇ ಬೇಗ ಕುರ್ಚಿಯ ಜೊತೆ ಬಂದ. ಮೇಷ್ಟ್ರ ಹೆಂಡತಿ ಬಾಗಿಲಿನಲ್ಲೇ, "ಅಮ್ಮ ಕೂತಿದ್ದ ಕುರ್ಚಿ ಕಣ್ರೀ, ನಾವು ಅದ್ರ ಮೇಲೆ ಕೂರಕ್ಕಾಗುತ್ತಾ? ನಿಮ್ಮನೇಲೇ ಇರ್ಲಿ," ಅಂದರಂತೆ. ಹೀಗೆ ನಮ್ಮ ಮನೆಗೂ ಒಂದು ಕುರ್ಚಿಯಾಯಿತು. ಆದರೆ ಅಮ್ಮ ಕೂತಿದ್ದ ಕುರ್ಚಿ, ನಾವು ತಾನೇ ಹೇಗೆ ಕೂರುವುದು? ಅದು ನಡುಮನೆಯ ಮೂಲೆಯಲ್ಲಿ, ಅದೇ ಮಡಿಸಿದ ಕಾಗದದ ಮೇಲೆ ಕಾಲೂರಿ, ವರ್ಷಗಟ್ಟಲೆ ಖಾಲಿ ನಿಂತಿತ್ತು. ಅವ್ವ ಕಸ ಗುಡಿಸುವಾಗ ಆ ಮೂಲೆಯಲ್ಲಿ ಪೊರಕೆಯನ್ನು ನಿಧಾನ ಮಾಡುತ್ತಿದ್ದಳು. ನಾವು ನಾಲ್ಕು ಜನ ನೆಲದ ಮೇಲೆ ಕೂತು ಅದರ ಎದುರಿಗೆ ಊಟ ಮಾಡುತ್ತಿದ್ದೆವು. ಅಕ್ಕ ಮಾತ್ರ ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು. ನನ್ನ ಬೆನ್ನಿನ ಕಲೆಗಳೆಲ್ಲ ಮಾಸಿದ ಮೇಲೆ ಒಂದು ಮಧ್ಯಾಹ್ನ ಅವಳ ಪಕ್ಕ ಹೋಗಿ ಬೋರಲು ಮಲಗಿದೆ. ಅವಳು ಬೆನ್ನ ಮೇಲೆ ಕೈ ಇಟ್ಟಳು. ಬೆರಳು ಆಡಲಿಲ್ಲ.

ಆ ಕೆಲಸ ಪಟ್ಟಿಯಲ್ಲಿದ್ದ ಮುಂದಿನ ಹುಡುಗಿಗೆ ಹೋಯಿತು. ಅಕ್ಕನಿಗೆ ಮತ್ತೆ ಅಂಥ ಲಕೋಟೆ ಬರಲಿಲ್ಲ. ಮದುವೆಯಾಗಿ ಬನ್ನಿಮಂಟಪದ ಕಡೆ ಹೋದಳು. ಅಲ್ಲೇ ಒಂದು ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಇಡೀ ದಿನ ಚಾಪೆಯ ಮೇಲೆ, ಮಕ್ಕಳ ನಡುವೆ. ಚೆನ್ನಾಗೇ ಇದ್ದಳು ಅನ್ನಿ. ಮಕ್ಕಳಿಗೆ ಅವಳನ್ನು ಕಂಡರೆ ಪ್ರಾಣ.

ನನಗೆ ಯಾದವಗಿರಿಯ ಕಡೆಯ ಒಂದು ಆಫೀಸಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕ ಹೊತ್ತಿಗೆ ಅಜ್ಜಿ ತೀರಿಕೊಂಡಿದ್ದಳು, ಅಪ್ಪ ರಿಟೈರಾಗಿದ್ದ. ಆರ್ಡರು ಬಂದದ್ದು ಸೋಮವಾರ. ಅಕ್ಕನಿಗೆ ಸುದ್ದಿ ಮುಟ್ಟಿದ ಕೂಡಲೇ ಬಸ್ಸು ಹತ್ತಿ ಬಂದಳು. "ನಾಳೆ ಬೆಳಗ್ಗೇನೇ ಹೋಗ್ ಸೇರ್ಕೊ," ಅಂದಳು. ಅವ್ವ ಬಾಯಿ ತೆರೆಯುವ ಮೊದಲೇ, "ಮಂಗಳವಾರ ಅಂತ ನಂಗೂ ಗೊತ್ತು ಕಣವ್ವ," ಅಂದಳು. ಬೆಳಗ್ಗೆ ತಾನೇ ನನ್ನ ತಲೆ ಬಾಚಿ, ಹಣೆ ಮುಟ್ಟಿ ಜ್ವರ ನೋಡಿ, ಹೊಸ್ತಿಲು ದಾಟಿಸಿ, ಬೀದಿಯ ತಿರುವಿನವರೆಗೆ ಬಂದಳು. ನಾನು ಹಿಂದೆ ತಿರುಗಿ ನೋಡಬಾರದು ಅಂತ ಕೈ ಸನ್ನೆ ಮಾಡಿದಳು.

ಸಂಜೆ ವಾಪಸು ಬರುವಾಗ ದಾರಿಯುದ್ದಕ್ಕೂ ಒಂದೇ ತೀರ್ಮಾನ. ಇವತ್ತು ಹೇಳಿಬಿಡಬೇಕು, ಅವತ್ತು ಕೆರೆಯುತ್ತಿರಲಿಲ್ಲ ಅಂತ. ಅಕ್ಕ ಜಗಲಿಯ ಮೇಲೆ ಕಾಯುತ್ತಾ ಕೂತಿದ್ದಳು. ಬಾಗಿಲಿನಿಂದ ಆ ಮೂಲೆಯ ಕುರ್ಚಿ ಕಾಣುತ್ತಿತ್ತು. ನಾನು ಪಕ್ಕದಲ್ಲಿ ಕೂತೆ, ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಕೇಳಿದಳು.

"ಕುರ್ಚಿ ಹೆಂಗಿತ್ತೇ?"

ಚೆನ್ನಾಗಿತ್ತು. ಹೊಸ ಕುರ್ಚಿ, ನಾಲ್ಕು ಕಾಲೂ ಸಮ. ಅದನ್ನು ಹೇಳಲು ನನ್ನ ಕೈಲಾಗಲಿಲ್ಲ.

"ಒಂದ್ ಕಾಲು ಗಿಡ್ಡ ಕಣಕ್ಕ. ಅಲ್ಲಾಡುತ್ತೆ."

ಅಕ್ಕ ನಕ್ಕಳು. ನನ್ನ ಬೆನ್ನ ಮೇಲೆ ಕೈ ಇಟ್ಟಳು.

"ಒಂದು ಕಾಗ್ದ ಮಡಿಚಿ ಅಡೀಗಿಡು," ಅಂದಳು. "ನಿಂತ್ಕೊಳ್ಳುತ್ತೆ."